ಐದು ತಾಸಿನ ಪಾಠ ಮತ್ತು ವಕೀಲರ ಸನ್ನದು

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ವಕೀಲರಿಗೆ ಸನ್ನದು ಕೊಡುವ ಲಾ ಸೊಸೈಟಿ, ಮೂಲನಿವಾಸಿಗಳ ಇತಿಹಾಸ ಮತ್ತು ಸಂಸ್ಕೃತಿ ಕುರಿತ ‘ದಿ ಪಾತ್’ ಎಂಬ ಆನ್‌ಲೈನ್ ಪಾಠವನ್ನು 2021ರಲ್ಲಿ ಕಡ್ಡಾಯ ಮಾಡಿತು. ಸುಮಾರು ಐದು ತಾಸಿನ ಪಾಠ. ಮುಗಿಸದಿದ್ದರೆ ಸನ್ನದು ಅಮಾನತು. ನಿಯಮ ರದ್ದಾಗಲಿ ಎಂದು 51 ವಕೀಲರು ಅರ್ಜಿ ಹಾಕಿದರು. 2023ರ ಫೆಬ್ರವರಿಯ ವಿಶೇಷ ಸಭೆಯಲ್ಲಿ ರದ್ದತಿಗೆ 864 ಮತ ಬಿದ್ದರೆ, ನಿಯಮ ಉಳಿಯಲಿ ಎಂದವರು 2,609. ಇಂಥ ಪಾಠವನ್ನು ಸನ್ನದಿಗೆ ಗಂಟು ಹಾಕುವುದು ಸರಿಯೇ?

ಪರ

ಕೆನಡಾದ ಇನ್ನೊಂದು ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಸ್ಮಿದರ್ಸ್ ಎಂಬ ಸಣ್ಣ ಊರಿನ ನ್ಯಾಯಾಲಯ, 1987. ಗಿಟ್‌ಕ್ಸಾನ್ ಎಂಬ ಮೂಲನಿವಾಸಿ ಜನಾಂಗದ ಹಿರಿಯರಾದ ಮೇರಿ ಜಾನ್ಸನ್ ಸಾಕ್ಷಿ ಕಟಕಟೆಯಲ್ಲಿದ್ದಾರೆ. ನೆಲ ತಮ್ಮದೆನ್ನಲು ಅವರ ಬಳಿ ಪಹಣಿಯಿಲ್ಲ, ಕ್ರಯಪತ್ರವಿಲ್ಲ. ಮನೆತನದ ಹಾಡೇ ದಾಖಲೆ. ಹಾಡಲು ಹೊರಟಾಗ ನ್ಯಾಯಾಧೀಶ ಅಲನ್ ಮೆಕೆಕರ್ನ್, ತಮ್ಮದು ಸಂಗೀತ ಹತ್ತದ ತಗಡಿನ ಕಿವಿ, ಹಾಡು ತಮಗೆ ಕೇಳಿಸದು ಎಂದರು. ಆಕೆ ಹಾಡಿಯೇ ಹಾಡಿದರು. 1991ರಲ್ಲಿ ತೀರ್ಪು ಅವರ ಜನರ ವಿರುದ್ಧ ಬಂತು. ಬಾಯಿಂದ ಬಾಯಿಗೆ ಬಂದ ಇತಿಹಾಸಕ್ಕೂ ಸಾಕ್ಷ್ಯದ ತೂಕ ಸಲ್ಲಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ ಡೆಲ್ಗಮೂಕ್ ಪ್ರಕರಣವೆಂದು ಹೆಸರಾದ ಇದೇ ದಾವೆಯ ಮೇಲ್ಮನವಿಯಲ್ಲಿ ಹೇಳುವ ಹೊತ್ತಿಗೆ 1997 ಆಗಿತ್ತು. (ನಮ್ಮ ಅರಣ್ಯ ಹಕ್ಕು ನಿಯಮಗಳೂ ಹಿರಿಯರ ಹೇಳಿಕೆಯನ್ನು ಪುರಾವೆಯಲ್ಲಿ ಎಣಿಸುತ್ತವೆ.)

ಈ ಕಿವುಡು ಒಬ್ಬರದಲ್ಲ. 1927ರಿಂದ 1951ರವರೆಗೆ, ಸರ್ಕಾರದ ಒಪ್ಪಿಗೆಯಿಲ್ಲದೆ ಮೂಲನಿವಾಸಿಗಳ ಹಕ್ಕಿನ ದಾವೆಗೆ ಹಣ ಕೂಡಿಸುವುದೇ ಅಲ್ಲಿ ಅಪರಾಧವಾಗಿತ್ತು. ಫೀಸು ಕೊಡಲಾಗದವನ ಪರ ನಿಲ್ಲುವ ವಕೀಲರೆಷ್ಟು? ಕಾನೂನೇ ಕಾನೂನಿನ ಬಾಗಿಲು ಮುಚ್ಚಿತ್ತು.

ಇದು ಬರೀ ಸೌಜನ್ಯದ ಮಾತೂ ಅಲ್ಲ, ಕಸುಬಿನ ಮಾತು. ಮೂಲನಿವಾಸಿ ಆರೋಪಿಗೆ ಶಿಕ್ಷೆ ವಿಧಿಸುವಾಗ ಅವನ ಹಿನ್ನೆಲೆಯನ್ನು ನೋಡಲೇಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟಿನ 1999ರ ಗ್ಲಾಡೂ ತೀರ್ಪು ಹೇಳುತ್ತದೆ. ಅಜ್ಜಿಯನ್ನು ಮನೆಯಿಂದ ಎಳೆದೊಯ್ದು, ಮೂಲನಿವಾಸಿ ಮಕ್ಕಳಿಗೆ ಅವರ ಭಾಷೆ, ಸಂಸ್ಕೃತಿಯನ್ನೇ ಮರೆಸುತ್ತಿದ್ದ ವಸತಿ ಶಾಲೆಗೆ ಹಾಕಿದ್ದರೇ ಎಂದು ಕಕ್ಷಿದಾರನನ್ನು ಕೇಳಬೇಕೆಂಬುದೇ ತಿಳಿಯದ ವಕೀಲ ಆ ಹಿನ್ನೆಲೆಯನ್ನು ಎಲ್ಲಿಂದ ತರುತ್ತಾನೆ? ಆ ಶಾಲೆಗಳ ಇತಿಹಾಸವನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ 27ನೆಯದು ವಕೀಲರಿಗೆ ಈ ತರಬೇತಿ ಕೊಡಿ ಎಂದೇ ಕೇಳುತ್ತದೆ. ಇಷ್ಟವಿದ್ದವರು ಕಲಿಯಲಿ ಎಂದರೆ, ಈಗಾಗಲೇ ಗೊತ್ತಿರುವವರೇ ಬಂದು ಕೂರುತ್ತಾರೆ.

ವಿರೋಧ

ಹಾಡು ಕೇಳಿಸದ ಆ ನ್ಯಾಯಾಧೀಶರು ಅದೇ ದಾವೆಯನ್ನು ಮುನ್ನೂರಕ್ಕೂ ಹೆಚ್ಚು ದಿನ ಆಲಿಸಿದ್ದರು. ಹಿರಿಯರು ಎದುರಿಗೇ ಕೂತು ಹೇಳಿದರು, ತಜ್ಞರು ಬಂದರು, ನಕ್ಷೆಗಳು ಬಂದವು. ಅಷ್ಟಾದರೂ ತೆರೆಯದ ಕಿವಿ ಐದು ತಾಸಿನ ವಿಡಿಯೋಕ್ಕೆ ತೆರೆಯುತ್ತದೆ ಎನ್ನುವವರ ಭರವಸೆ ದೊಡ್ಡದು. ಅಲ್ಲಿ ಕೊರತೆಯಿದ್ದದ್ದು ಮಾಹಿತಿಯದಲ್ಲ.

ಕಡ್ಡಾಯ ಪಾಠ ಹೇಗೆ ಮುಗಿಯುತ್ತದೆಂದು ಯಾವುದೇ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು: ಪರದೆಯಲ್ಲಿ ವಿಡಿಯೋ ಓಡುತ್ತಿರುತ್ತದೆ, ಪಕ್ಕದಲ್ಲಿ ಕಾಫಿ ಆರುತ್ತಿರುತ್ತದೆ, ಕೊನೆಗೆ ನಾಲ್ಕು ಪ್ರಶ್ನೆಗೆ ಗುರುತು ಹಾಕಿ ಪ್ರಮಾಣಪತ್ರ ಇಳಿಸಿಕೊಳ್ಳುವುದು. ಏನೂ ಗೊತ್ತಿಲ್ಲದವನಾದರೂ ಕೇಳಿ ತಿಳಿದಾನು. ಪ್ರಮಾಣಪತ್ರ ಹಿಡಿದವನು ಕೇಳುವುದನ್ನೇ ಬಿಡುತ್ತಾನೆ. ಆ ದೇಶದಲ್ಲಿ ಆರುನೂರಕ್ಕೂ ಹೆಚ್ಚು ಫಸ್ಟ್ ನೇಷನ್ ಎಂದು ಕರೆಯುವ ಮೂಲನಿವಾಸಿ ಸಮುದಾಯಗಳಿವೆ. ಮೂಲನಿವಾಸಿಗಳೇ ಆದ ಇನುಯಿಟ್, ಮೆಟಿ ಜನ ಬೇರೆಯೇ. ಎಲ್ಲರನ್ನೂ ಒಂದೇ ಪಾಠದಲ್ಲಿ ಅರೆದು ಕುಡಿಸಿದರೆ ಯಾರ ರುಚಿಯೂ ಉಳಿಯದು.

ಸನ್ನದಿನ ಮಾತು ಇದಕ್ಕಿಂತ ಗಂಭೀರ. ವಕೀಲ ಸರ್ಕಾರದ ವಿರುದ್ಧವೂ ನಿಲ್ಲಬೇಕಾದವನು. ಇತಿಹಾಸದ ಒಂದು ನಿರೂಪಣೆಯನ್ನು ಓದದಿದ್ದಕ್ಕೆ ಅವನ ಅನ್ನ ಕಿತ್ತುಕೊಳ್ಳಬಹುದಾದರೆ, ನಾಳೆ ಬೇರೆಯವರು ಬಂದು ಬೇರೆಯೇ ಪಾಠ ಬರೆದಾರು. ಇಂದು ಚಪ್ಪಾಳೆ ತಟ್ಟುತ್ತಿರುವವರು ಅಂದು ಯಾವ ಬಾಯಲ್ಲಿ ಬೇಡವೆನ್ನುತ್ತಾರೆ?

ಕ್ಯಾಲ್ಗರಿಯಲ್ಲಿ ತೆರಿಗೆ ಲೆಕ್ಕ ನೋಡುವ ವಕೀಲನನ್ನು ಬಿಟ್ಟುಬಿಡಿ. ಮೂಲನಿವಾಸಿಗಳ ಕ್ರಿಮಿನಲ್ ಪ್ರಕರಣ, ಮಕ್ಕಳ ಪಾಲನೆಯ ಪ್ರಕರಣ, ಭೂಮಿಯ ದಾವೆ ಹಿಡಿಯುವವರಿಗೆ ಮಾತ್ರ ಕಠಿಣ ತರಬೇತಿ ಇರಲಿ, ಐದು ತಾಸಲ್ಲ, ತಿಂಗಳುಗಟ್ಟಲೆ. ಕಲಿಸುವವರು ಆಯಾ ಸಮುದಾಯದ ಹಿರಿಯರೇ ಆಗಲಿ, ಅವರಿಗೆ ವಕೀಲರಿಗೆ ಕೊಡುವಷ್ಟೇ ಫೀಸು ಸಿಗಲಿ.