ಹುಟ್ಟಿದ ದಾಖಲೆ ಯಾವ ಕೆಲಸಕ್ಕೆ?

ನಾನಿರುವ ಜರ್ಮನಿಯಲ್ಲಿ ಸರ್ಕಾರ ಜನರ ಮನೆಯ ಸುದ್ದಿಯನ್ನು ಕೇಳುವುದೇ ಇಲ್ಲ ಎಂದು ಊರಿನ ಗೆಳೆಯರು ನಂಬಿದ್ದಾರೆ. ಕೇಳದೆ ಏನು! ಮಗು ಹುಟ್ಟಿದ ವಾರದೊಳಗೆ ಆಸ್ಪತ್ರೆ ನೋಂದಣಿ ಕಚೇರಿಗೆ ತಿಳಿಸಬೇಕು. ಕೆಲವೇ ವಾರಗಳಲ್ಲಿ ತೊಟ್ಟಿಲ ಕೂಸಿನ ಹೆಸರಿಗೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅರ್ಜಿ ಹಾಕದಿದ್ದರೂ.

ಆದರೂ ಇಲ್ಲಿನ ಒಂದು ಪದ್ಧತಿ ನನಗೆ ಹಿಡಿಸಿದೆ. ಮಕ್ಕಳ ಭತ್ಯೆಗೆಂದು ಉಚಿತವಾಗಿ ಕೊಡುವ ಜನನ ಪ್ರಮಾಣಪತ್ರದ ಮೇಲೆ, ಅದು ಆ ಕೆಲಸಕ್ಕೆ ಮಾತ್ರ ಎಂದು ಬರೆದಿರುತ್ತದೆ. ಜನನದ ದಾಖಲೆ 110 ವರ್ಷಗಳವರೆಗೆ ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ; ಕಾನೂನು ಒಪ್ಪುವ ಕಾರಣ ತೋರಿಸಬೇಕು. 1983ರಲ್ಲಿ ಜನಗಣತಿಯ ವಿರುದ್ಧ ಜನ ತಿರುಗಿಬಿದ್ದಾಗ, ತನ್ನ ಮಾಹಿತಿ ಎಲ್ಲಿ ಬಳಕೆಯಾಗಬೇಕೆಂದು ತೀರ್ಮಾನಿಸುವ ಹಕ್ಕು ವ್ಯಕ್ತಿಯದು ಎಂದು ಇಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು.

ನಮ್ಮ ದೇಶದ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಯಾರು ಬೇಕಾದರೂ ಶುಲ್ಕ ಕಟ್ಟಿ ಜನನ ದಾಖಲೆಯನ್ನು ಹುಡುಕಿಸಬಹುದಿತ್ತು. 2023ರ ತಿದ್ದುಪಡಿ ಅದಕ್ಕಿಂತ ದೂರ ಹೋಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ, ಸ್ಥಳ ತೋರಿಸಲು ಜನನ ಪ್ರಮಾಣಪತ್ರವೊಂದೇ ಪುರಾವೆ. ತಂದೆತಾಯಿಗೆ ಆಧಾರ್ ಇದ್ದರೆ ಆ ಸಂಖ್ಯೆಯೂ ದಾಖಲೆಗೆ ಸೇರುತ್ತದೆ. ಕೇಂದ್ರ ಒಪ್ಪಿದರೆ ರಾಷ್ಟ್ರೀಯ ದತ್ತಸಂಚಯದಿಂದ ಪಡಿತರ ಚೀಟಿ, ಪಾಸ್‌ಪೋರ್ಟ್, ಆಸ್ತಿ ನೋಂದಣಿ ನೋಡಿಕೊಳ್ಳುವವರಿಗೂ ವಿವರ ಹೋಗಬಹುದು. ಯಾರಿಗೆ ಹೋಯಿತೆಂದು ಮನೆಯವರಿಗೆ ತಿಳಿಸಬೇಕೆಂಬ ಮಾತು ತಿದ್ದುಪಡಿಯಲ್ಲಿಲ್ಲ.

ಒಂದೇ ಪತ್ರದಿಂದ ಅಲೆದಾಟ ತಪ್ಪುತ್ತದೆ, ಒಪ್ಪೋಣ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದೇ ಜನ್ಮದಿನವಾದ ತಲೆಮಾರು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆದರೆ ಅನುಕೂಲದ ಹೆಸರಿನಲ್ಲಿ ಕಾವಲನ್ನೇ ಕೈಬಿಡುವುದೇಕೆ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ನಮ್ಮವರೇ ಗೆದ್ದುಕೊಟ್ಟ ಹಕ್ಕು ಇದು.

ಜರ್ಮನಿಯೂ ಈಗ ಸಾಚಾ ಅಲ್ಲ. ಅದೇ ತೆರಿಗೆ ಸಂಖ್ಯೆಯಿಂದ ಹಲವು ಕಚೇರಿಗಳ ಕಡತಗಳನ್ನು ಬೆಸೆಯಲು 2021ರಲ್ಲಿ ಕಾನೂನು ಮಾಡಿದೆ. ಟೀಕೆ ಸಾಕಷ್ಟು ಬಂದಿದೆ. ಆದರೆ ಆ ಸಂಖ್ಯೆ ಬಳಸಿ ಯಾವ ಕಚೇರಿ ಯಾರಿಗೆ ಯಾವ ವಿವರ ಕೊಟ್ಟಿತೆಂದು ನಾಗರಿಕನೇ ನೋಡಿಕೊಳ್ಳುವ ವ್ಯವಸ್ಥೆಯನ್ನೂ ಅದೇ ಕಾನೂನಿನಲ್ಲಿ ಬರೆದಿದ್ದಾರೆ. ನಮ್ಮಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಇತಿಹಾಸವನ್ನು ಮೊಬೈಲಿನಲ್ಲೇ ನೋಡಬಹುದು. ಜನನ ದಾಖಲೆಗೂ ಅಷ್ಟನ್ನಾದರೂ ಮಾಡಿಕೊಡಲಿ.