ಶಾಲು ಸಾಕು, ಶಾಲೆಗೆ ಬನ್ನಿ

ಕಳೆದ ಭಾನುವಾರ ಮಾಟುಂಗದಲ್ಲಿ ನನಗೊಂದು ಸನ್ಮಾನ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಸೂರು ಪೇಟ ದೊಡ್ಡದಾಗಿ ಕಿವಿಯ ಮೇಲೇ ಕೂತಿತು. "ಮುಂಬೈಯಲ್ಲಿ ಕನ್ನಡ ಉಳಿಸಿದ ಟೀಚರ್" ಅಂದರು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 32 ವರ್ಷ ಪಾಠ ಮಾಡಿದವಳಿಗೆ ಖುಷಿ ಆಗಲಿಲ್ಲ ಅಂದರೆ ಸುಳ್ಳಾದೀತು. ಆದರೂ ವೇದಿಕೆಯಲ್ಲಿ ಗಂಟಲಿಗೆ ಬಂದು ನಿಂತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾನು ಸೇರಿದಾಗ ತರಗತಿ ತುಂಬ ನಮ್ಮ ಉಡುಪಿ, ಕುಂದಾಪುರದ ಕಡೆಯ ಮಕ್ಕಳು. ಆಮೇಲೆ ನಾವೆಲ್ಲ ಇಂಗ್ಲಿಷ್ ಮೀಡಿಯಂಗೆ ಹೋದೆವು (ನನ್ನ ಮಗಳೂ ಹೋದಳು, ಮುಚ್ಚಿಡುವುದೇನು). ಖಾಲಿಯಾದ ಬೆಂಚುಗಳಿಗೆ ಬಂದವರು ಕಲಬುರಗಿ, ಯಾದಗಿರಿಯ ಕೂಲಿಯವರ ಮಕ್ಕಳು. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿಯಲ್ಲಿ ಬಂದು, ಬೆಳಿಗ್ಗೆ ಕೂಲಿಗೆ ಕರೆಯುವವರನ್ನು ಕಾಯುತ್ತ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವ ಜನ. ನಮ್ಮ ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ ಅವರನ್ನು ಕರೆದವರನ್ನು ನಾನಂತೂ ಕಂಡಿಲ್ಲ.

ನಿವೃತ್ತಿಯ ಮೇಲೆ ಈ ತಾಯಂದಿರ ಜೊತೆ ಶಾಲೆಗಳಿಗೆ ಓಡಾಡುವುದೇ ನನ್ನ ಕೆಲಸ. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿದೆ. ಆದರೆ ಕಟ್ಟಡದ ಕೆಲಸ ಸಿಕ್ಕಲ್ಲಿ ಕನ್ನಡ ಶಾಲೆ ಇರಬೇಕಲ್ಲ? ಹೋದ ವರ್ಷ ಒಬ್ಬ ಹುಡುಗಿಯನ್ನು ಮರಾಠಿ ಶಾಲೆಯ ಎರಡನೇ ತರಗತಿಗೆ ಹಾಕಿದ್ದರು. ಮಂದಬುದ್ಧಿ ಅಂದರು. "ಅಕ್ಕೋರೆ, ಮನ್ಯಾಗ ಇಕಿ ಬಾಯಿ ಮುಚ್ಚಂಗಿಲ್ರಿ" ಅಂದಳು ತಾಯಿ. ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಟೀಚರ್ ಯಾರಿಗೋ "ಬರೇ, ಬರೇ" ಅಂದರು. ಮರಾಠಿಯಲ್ಲಿ ಸರಿ, ಆಗಲಿ ಅಂತ. ಹುಡುಗಿ ಗಡಬಡಿಸಿ ಪಾಟಿ ತೆಗೆದು ಬರೆಯಲು ಶುರುಮಾಡಿದಳು. ಇಡೀ ಕ್ಲಾಸು ನಕ್ಕಿತು. ಇನ್ನು "ಗಪ್ಪ ಬಸ್" (ಸುಮ್ಮನೆ ಕೂರು) ಅಂದರೆ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು. 'ಗಪ್ಪ' ಅವರೂರ ಮಾತೂ ಹೌದು.

ಟೀಚರನ್ನು ದೂರುವುದಿಲ್ಲ. ಹೇಳಿದ ಮೇಲೆ ಆಕೆ ಅವಳನ್ನು ಮುಂದಿನ ಬೆಂಚಿಗೆ ತಂದರು, ನಾನು ವಾರಕ್ಕೆ ಎರಡು ದಿನ ಪಕ್ಕದಲ್ಲಿ ಕೂತೆ. ಈಗ ಅವಳು ಮರಾಠಿಯಲ್ಲೇ ಜಗಳವಾಡುತ್ತಾಳೆ. ಮರಾಠಿ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಲಿಯುವ ತನಕ ಕೈ ಹಿಡಿಯುವವರು ಬೇಕು, ಅಷ್ಟೇ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ.

ನನ್ನ ಸಿಟ್ಟು ಬೇರೆ ಕಡೆ. ಇನ್ನೊಂದು ಶಾಲೆಯ ಆಫೀಸಿನಲ್ಲಿ ಒಬ್ಬ ತಾಯಿಯನ್ನು, ಜನನ ದಾಖಲೆ ಇಲ್ಲವೆಂದು ಮೂರು ದಿನ ಬಾಗಿಲಲ್ಲೇ ನಿಲ್ಲಿಸಿದ್ದರು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಅದು. ನಾನು ಹೋಗಿ ಅದನ್ನೇ ಮರಾಠಿಯಲ್ಲಿ ಹೇಳಿದೆ. ಕುರ್ಚಿ ಬಂತು, ನೀರು ಬಂತು, ಅರ್ಧ ಗಂಟೆಯಲ್ಲಿ ಹೆಸರೂ ಹತ್ತಿತು. ಆಕೆ ಕೇಳಿದ್ದಕ್ಕಿಂತ ಹೆಚ್ಚೇನೂ ನಾನು ಕೇಳಿರಲಿಲ್ಲ. ಹೊರಗೆ ಬಂದಾಗ ಆಕೆ ನನ್ನ ಕಾಲಿಗೆ ಬೀಳಲು ಬಂದಳು. ನಾಚಿಕೆಯಾಯಿತು.

ನಮ್ಮ ಸಂಘಗಳ ಸಭಾಗೃಹಗಳಿಗೆ ವಾರದ ದಿನ ಮಧ್ಯಾಹ್ನ ಬೀಗ. ಎರಡೂ ಭಾಷೆ ಬಲ್ಲ ನಿವೃತ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಿಂದೆ ಹೋಟೆಲ್ ಹುಡುಗರಿಗಾಗಿ ರಾತ್ರಿಶಾಲೆ ನಡೆಸಿದ ಊರು ಇದು. ಸಾಂಬಾರಿನ ಘಮ ಹೊತ್ತ ಅಂಗಿಯಲ್ಲೇ ಬಂದು ಕೂತು ಓದಿದವರ ಮಕ್ಕಳೇ ಮೊನ್ನೆ ನನಗೆ ಶಾಲು ಹೊದಿಸಿದ್ದು.

ಬರುವ ಶನಿವಾರ ಮತ್ತೊಂದು ಶಾಲೆಗೆ ಹೋಗುವುದಿದೆ. ತಾಯಿ ಒಬ್ಬಳು, ಮಕ್ಕಳು ಇಬ್ಬರು. ಮರಾಠಿ ಬರುವವರು ಯಾರಾದರೂ ಜೊತೆಗೆ ಬರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಚಹಾ ನನ್ನದು.