ಸಿಡುಬು ಓಡಿಸಿದ್ದರಲ್ಲಿ ಕುದುರೆಯ ಪಾಲು

ಸಿಡುಬಿನ ಲಸಿಕೆ ಅಂದ ಕೂಡಲೇ ಎಲ್ಲರೂ ಹಸುವಿನ ಕಥೆ ಹೇಳುತ್ತಾರೆ. ಹಾಲು ಕರೆಯುವ ಹುಡುಗಿ, ಕೈಮೇಲೆ ಹಸುವಿನ ಸಿಡುಬಿನ ಗುಳ್ಳೆ, ಆ ಗುಳ್ಳೆಯ ರಸ ಚುಚ್ಚಿ ಸಿಡುಬು ತಡೆದ ಇಂಗ್ಲೆಂಡಿನ ಡಾಕ್ಟರ್ ಎಡ್ವರ್ಡ್ ಜೆನ್ನರ್. ಕುದುರೆಯ ಸುದ್ದಿಯೇ ಇಲ್ಲ. ಇದು ಅನ್ಯಾಯ ಅಂತ ನನ್ನ ವಾದ.

1798ರಲ್ಲಿ ಜೆನ್ನರ್ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಕುದುರೆ ಇದೆ. ಹಸುವಿನ ಸಿಡುಬು ಶುರುವಾಗುವುದು ಕುದುರೆಯ ಕಾಲಿನ ಹುಣ್ಣಿನಿಂದ. ಅದನ್ನು ತೊಳೆದ ಆಳು ಅದೇ ಕೈಯಲ್ಲಿ ಹಾಲು ಕರೆಯುತ್ತಾನೆ, ಹಸುವಿನ ಮೊಲೆಗೆ ಹತ್ತುತ್ತದೆ. ಹೀಗಿತ್ತು ಅವನ ಲೆಕ್ಕ. ಕುದುರೆಯಿಂದ ಹುಣ್ಣಾಗಿದ್ದ ಒಬ್ಬ ಆಳಿನ ಕೈಯಿಂದ ರಸ ತೆಗೆದು ಐದು ವರ್ಷದ ಜಾನ್ ಬೇಕರ್ ಎಂಬ ಹುಡುಗನಿಗೆ ಚುಚ್ಚಿಯೂ ನೋಡಿದ. ಪರೀಕ್ಷೆ ಪೂರ್ತಿ ಆಗುವ ಮೊದಲೇ ಪಾಪ ಆ ಮಗು ಜ್ವರ ಬಂದು ತೀರಿಕೊಂಡಿತು. (ಇವತ್ತಾದರೆ ಜೆನ್ನರ್ ಜೈಲಲ್ಲಿ ಇರುತ್ತಿದ್ದ, ಅಲ್ವಾ?) ಆಮೇಲೆ ಮಿಲಾನ್‌ನ ಡಾಕ್ಟರ್ ಲುಯಿಜಿ ಸಾಕ್ಕೊ ಹಸುವಿನ ತಂಟೆಗೇ ಹೋಗದೆ ಕುದುರೆಯ ರಸವನ್ನೇ ಲಸಿಕೆಯಾಗಿ ಬಳಸಿದ. ಅದು ಕೆಲಸವೂ ಮಾಡಿತು.

ಆದರೂ ಕುದುರೆಯ ಮಾತನ್ನು ಜನ ನಂಬಲಿಲ್ಲ. ಅವರದೂ ತಪ್ಪಲ್ಲ ಬಿಡಿ. ಕುದುರೆಯ ಕಾಲಿಗೆ ಕೆಸರು, ಬ್ಯಾಕ್ಟೀರಿಯಾ, ನುಸಿ ಎಲ್ಲದರಿಂದಲೂ ಹುಣ್ಣಾಗುತ್ತದೆ. ಅಂಥ ಹುಣ್ಣಿನಿಂದ ರಸ ತೆಗೆದರೆ ಲಸಿಕೆ ಎಲ್ಲಿ ಹತ್ತಬೇಕು?

2017ರಲ್ಲಿ ಸಿಡುಬಿನ ಒಂದು ಹಳೇ ಲಸಿಕೆಯಲ್ಲಿದ್ದ ವೈರಸ್‌ನ ಜೀನೋಮ್ (ಅಂದರೆ ಪೂರ್ತಿ ಜೀನ್‌ಗಳ ಬರಹ) ಓದಿದರು. ಲಸಿಕೆ ಅಮೆರಿಕದಲ್ಲಿ 1902ರಲ್ಲಿ ತಯಾರಾದದ್ದು. ಆ ಜೀನೋಮ್‌ನ ನಡುಭಾಗ ಹಾರ್ಸ್‌ಪಾಕ್ಸ್, ಅಂದರೆ ಕುದುರೆ ಸಿಡುಬಿನ ವೈರಸ್‌ಗೆ 99.7% ಹೋಲುತ್ತಿತ್ತು! ಹೋಲಿಸಿ ನೋಡಲು ಸಿಕ್ಕಿದ್ದು 1976ರಲ್ಲಿ ಮಂಗೋಲಿಯಾದ ಕುದುರೆಯಿಂದ ತೆಗೆದ ವೈರಸ್. ಹಾಗಂತ ಲಸಿಕೆಗಳೆಲ್ಲ ಕುದುರೆಯದ್ದೇ ಅಂತ ನಾನು ಹೇಳುವುದಿಲ್ಲ. ಲಸಿಕೆಯ ರಸ ಜನರ ತೋಳಿಂದ ತೋಳಿಗೆ, ಕರುವಿಂದ ಕರುವಿಗೆ ದಾಟಿ ದಾಟಿ ಎಲ್ಲ ಕಲಬೆರಕೆಯಾಗಿದೆ. ಆದರೆ ಕುದುರೆಯನ್ನು ಪೂರ್ತಿ ಮರೆತದ್ದು ಸರಿಯಲ್ಲ.

ಇನ್ನು ಹಸು ಕುದುರೆಗೆ ಕೊಟ್ಟದ್ದೇನು? ಸಾರ್ಕಾಯ್ಡ್. ಕುದುರೆಗಳಲ್ಲಿ ಅತಿ ಜಾಸ್ತಿ ಕಾಣುವ ಚರ್ಮದ ಗಡ್ಡೆ ಇದು. ಹಸುವಿಗೆ ನರಹುಲಿ ಬರಿಸುವ ಪ್ಯಾಪಿಲೋಮಾ ವೈರಸ್ಸೇ ಇದಕ್ಕೆ ಮೂಲ. ಹಸುವಿನ ನರಹುಲಿ ಸಾಮಾನ್ಯವಾಗಿ ತಾನಾಗಿ ಉದುರುತ್ತದೆ. ಕುದುರೆಯ ಗಡ್ಡೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕತ್ತರಿಸಿದರೂ ಎಷ್ಟೋ ಸಲ ಮತ್ತೆ ಬರುತ್ತದೆ, ಕೆಣಕಿದರೆ ಇನ್ನೂ ಬೆಳೆಯುತ್ತದೆ. ಎಳೇ ಕುದುರೆಗಳ ಮೂತಿ ಮೇಲೆ ಏಳುವ ಸಣ್ಣ ನರಹುಲಿ ಬೇರೆ. ಅದು ಕುದುರೆಯದ್ದೇ ವೈರಸ್, ಕೆಲವು ತಿಂಗಳಲ್ಲಿ ಮಾಯುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಸುಣ್ಣ ಹಚ್ಚುವುದು, ದಾರ ಕಟ್ಟಿ ಎಳೆಯುವುದು ಬೇಡ. ಮೊದಲು ದನದ ಡಾಕ್ಟರಿಗೆ ತೋರಿಸಿ.